ಅಂಚಿನಲ್ಲುಳಿದ ಕಪ್ಪು ಗೆರೆ

ಮೂರನೆಯ ಸಾಣೆಕಲ್ಲು ತಂದ ಮೇಲೂ ನಮ್ಮ ಚಾಕು ಟೊಮೇಟೊವನ್ನು ಕೊಯ್ಯದೆ ಅಪ್ಪಚ್ಚಿ ಮಾಡುತ್ತಿತ್ತು. ನಾನು ಅಂಗಡಿಯವನಿಗೆ ಹಿಡಿಶಾಪ ಹಾಕುತ್ತಿದ್ದೆ. ಮನೆಗೆ ಬಂದಿದ್ದ ನನ್ನ ಅಕ್ಕ, ಸ್ಕೂಲ್ ಟೀಚರ್, ತನ್ನ ಚೀಲದಿಂದ ಮಾರ್ಕರ್ ಪೆನ್ ತೆಗೆದು, ಚಾಕುವಿನ ಅಂಚಿನುದ್ದಕ್ಕೂ ಕಪ್ಪು ಬಳಿದಳು.

"ಇದೇನೇ ಹೊಸ ಆಟ?"

"ಯಾವಾಗ್ಲೂ ಹೇಗೆ ಮಸೀತೀಯೋ ಹಾಗೇ ಮಸೆ, ನೋಡೋಣ."

ಕಲ್ಲಿಗೆ ನೀರು ಚಿಮುಕಿಸಿ ನಾಲ್ಕು ಸಲ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದೆ. ಮೇಲಿನ ಕಪ್ಪೆಲ್ಲ ಅಳಿಸಿಹೋಗಿತ್ತು. ತೀರಾ ತುದಿಯಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಗೆರೆ ಹಾಗೇ ಉಳಿದಿತ್ತು. ಅಂದರೆ ಎರಡು ವರ್ಷದಿಂದ ನಾನು ಮಸೆದದ್ದು ಅಂಚಿನ ಮೇಲಿನ ಕೆನ್ನೆಯನ್ನು! ಅಂಚಿಗೆ ಕಲ್ಲು ತಾಗಿಯೇ ಇರಲಿಲ್ಲ.

"ಚಾಕು ಬೆನ್ನನ್ನ ಸ್ವಲ್ಪ ಎತ್ತಿ ಹಿಡಿಯೋ," ಎಂದಳು ಅಕ್ಕ.

ಎತ್ತಿ ಉಜ್ಜಿದೆ. ಗೆರೆ ಮಾಯ. ಎರಡೂ ಬದಿ ಮಸೆದು ಟೊಮೇಟೊ ಮೇಲಿಟ್ಟರೆ, ಒತ್ತುವ ಮೊದಲೇ ಅದು ಹೋಳಾಯಿತು. ಬೀಗುತ್ತಾ ಹೆಂಡತಿಯನ್ನು ಕರೆದೆ.

ಅವಳು ಹೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬ ಇಳಿಸಿ, ಬಟ್ಟೆ ಸುತ್ತಿದ ಹರಿತವಾದ ಚಾಕುವೊಂದನ್ನು ಹೊರತೆಗೆದಳು.

"ಸದ್ಯ, ಇನ್ನು ಇದನ್ನ ನಿಮ್ಮ ಸಾಣೆಕಲ್ಲಿಂದ ಬಚ್ಚಿಡಬೇಕಾಗಿಲ್ಲ."