ಮೀಟಪ್ಪನನ್ನು ಹೊರಡಿಸಿದ್ದು

"ಕಬ್ಬಿಣಕ್ಕೆ ಒಗ್ಗರಣೆ ಹಾಕ್ತೀಯೇನೋ ದರಿದ್ರದವನೇ? ಅದು ಅಡುಗೆ ಎಣ್ಣೆ!"

"ಕೂಗಬೇಡಿ ಅತ್ತಿಗೆ, ಕೈ ಅಲುಗಿದರೆ ಬಣ್ಣ ಕೆಡುತ್ತೆ."

"ಬಣ್ಣ ಅಂತೆ ಬಣ್ಣ! ಮದುಮಗಳೇನು ಅದು? ಇವತ್ತೇ ಈ ಮನೆ ಬಿಟ್ಟು ತೊಲಗು. ನಿನ್ನ ಅರ, ನಿನ್ನ ಉಪ್ಪುಕಾಗದ, ಆ ತುಕ್ಕು ಡಬ್ಬಿ, ಎಲ್ಲ ಕಟ್ಕೊಂಡು ತೊಲಗು!"

"ಆಯ್ತು, ಉಂಡು ತೊಲಗ್ತೀನಿ. ಇವತ್ತೇನು ಅಡುಗೆ?"

ಇವನು ನನ್ನ ಮೈದುನ. ಇಕ್ಕಳದಲ್ಲಿ ಬೆರಳುದ್ದದ ಒಂದು ಮೀಟುಗೋಲನ್ನು ಹಿಡಿದು ಗ್ಯಾಸಿನ ಉರಿಗೆ ಒಡ್ಡಿದ್ದ. ಉಕ್ಕು ಒಣಹುಲ್ಲಿನ ಬಣ್ಣಕ್ಕೆ ಬಂತು, ನೇರಳೆಯಾಯಿತು, ನೀಲಿ ಕಾಣಿಸಿದ್ದೇ ತಡ ನನ್ನ ಎಣ್ಣೆ ಬಟ್ಟಲಿಗೆ ಅದ್ದಿದ. ಚುಯ್ ಎಂದಿತು. ಅಡುಗೆಮನೆಯೆಲ್ಲ ಹೊಗೆ.

ನನ್ನ ಗಂಡ ಲಾರಿ ಓಡಿಸುತ್ತಾರೆ, ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಾರೆ. ಮಕ್ಕಳಿಲ್ಲ. ನಾನು ಮದುವೆಯಾಗಿ ಬಂದಾಗ ಈ ಮೈದುನನಿಗೆ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಈಗ ಕಿವಿಯ ಪಕ್ಕ ನರೆ ಕಾಣಿಸಿದೆ. ಬೀದಿಯವರು ಮೀಟಪ್ಪ ಎಂದು ಹೆಸರಿಟ್ಟಿದ್ದಾರೆ. ಕೆಲಸವೇ ಅಂಥದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಗೊಂಚಲಾಗಿ ನೇತುಹಾಕಿರುತ್ತಾರಲ್ಲ, ಡಬ್ಬಿಯ ಮುಚ್ಚಳವನ್ನೋ ಪೆಟ್ಟಿಗೆಯ ಮೊಳೆಯನ್ನೋ ಎಬ್ಬಿಸುವ ಅಗ್ಗದ ಪುಟ್ಟ ಮೀಟುಗೋಲುಗಳು, ಅವನ್ನು ತಂದು ಒಬ್ಬೊಬ್ಬರ ಕೈಗೂ ಜೇಬಿಗೂ ತಕ್ಕಂತೆ ತಿದ್ದಿಕೊಡುತ್ತಾನೆ. ಅಂಗಡಿಯಿಂದ ಬಂದಾಗ ಅವು ಬರೀ ಒರಟು. ಜೇಬು ಹರಿಯುತ್ತವೆ, ಕೂತರೆ ತೊಡೆಗೆ ಚುಚ್ಚುತ್ತವೆ. ಇವನು ಬಣ್ಣ ಬಳಿಯುವವನಿಗೆ ಮೂತಿ ಅಗಲ ಮಾಡಿ ಕೊಂಚ ಬಗ್ಗಿಸಿಕೊಟ್ಟ, ಮುಚ್ಚಳ ಸೊಟ್ಟಗಾಗದೆ ಏಳಲಿ ಎಂದು. ನರ್ಸಮ್ಮನಿಗೆ ಅಂಚೆಲ್ಲ ಗುಂಡಗೆ ಉಜ್ಜಿಕೊಟ್ಟ, ಬಿಳಿ ಕೋಟಿನ ಜೇಬು ಉಳಿಯಲಿ ಎಂದು.

ಹೆಬ್ಬೆರಳು ಕೂರುವ ಜಾಗ ತಿಳಿಯಲು ನನ್ನ ಬಟ್ಟೆ ಸೋಪನ್ನು ನೆನೆಸಿ, ಮೆತ್ತಗೆ ಮಾಡಿ, ಬಂದವರ ಕೈಗಿಟ್ಟು "ಜೋರಾಗಿ ಹಿಡೀರಿ" ಎನ್ನುತ್ತಾನೆ. ಸೋಪಿನಲ್ಲಿ ಗುಳಿ ಬಿದ್ದ ಕಡೆ ಉಕ್ಕಿನಲ್ಲೂ ಗುಳಿ ತೆಗೆಯುತ್ತಾನೆ. ಆಮೇಲೆ ಅದೇ ಸೋಪಿನಲ್ಲಿ ನಾನು ಬಟ್ಟೆ ಒಗೆಯಬೇಕು. ಊರ ಗಂಡಸರೆಲ್ಲರ ಹೆಬ್ಬೆಟ್ಟನ್ನು ನನ್ನ ಗಂಡನ ಅಂಗಿಗೆ ಉಜ್ಜಿದ್ದೇನೆ.

"ಒಳ್ಳೇ ಮೀಟುಗೋಲು ಜೇಬಲ್ಲಿದ್ದರೆ ಇದೆ ಅಂತಾನೇ ಗೊತ್ತಾಗಬಾರದು ಅತ್ತಿಗೆ" ಎನ್ನುತ್ತಾನೆ.

"ಹಾಗಾದ್ರೆ ನಿನ್ನ ಹಾಗಲ್ಲ ಬಿಡು."

ನನ್ನ ಬೈಗುಳಕ್ಕೆ ಈ ಮನೆಯಲ್ಲಿ ಕುಕ್ಕರಿನ ಸೀಟಿಗಿರುವಷ್ಟೂ ಬೆಲೆಯಿಲ್ಲ. ಕುಕ್ಕರ್ ಕೂಗಿದರೆ ಯಾರಾದರೂ ಎದ್ದು ಬಂದು ನೋಡುತ್ತಾರೆ.

ಆದರೆ ಆವತ್ತು ನಾನು ಎಣ್ಣೆಗಾಗಿ ಜಗಳ ತೆಗೆದದ್ದಲ್ಲ. ಹಿಂದಿನ ದಿನ ಅವನಿಲ್ಲದ ಹೊತ್ತಿನಲ್ಲಿ ಬೀಗದಕ್ಕ ಬಂದಿದ್ದಳು. ಬೀಗ ರಿಪೇರಿ ಮಾಡುವ ಗಟ್ಟಿ ಹೆಂಗಸು, ನನಗಿಂತ ದೊಡ್ಡವಳು. ಕಾರ್ಖಾನೆಗಳಿರುವ ದೊಡ್ಡ ಊರಿಗೆ ಅಂಗಡಿ ಬದಲಾಯಿಸುತ್ತಿದ್ದಳು. ಬಸ್ಸಿನಲ್ಲಿ ಇಡೀ ಹಗಲಿನ ದಾರಿ.

"ಅರ್ಧ ಅಂಗಡಿ ನಿನ್ನ ಮೈದುನನಿಗೆ ಅಂದೆ ಕಣೇ. ಮೇಲೊಂದು ಕೋಣೆ ಇದೆ. ಎದುರಿಗೇ ಕಾರ್ಖಾನೆ ಗೇಟು. ಒಬ್ಬೊಬ್ಬ ಫಿಟ್ಟರ್ ಜೇಬಿಗೂ ಒಂದೊಂದು ಮಾಡ್ತಾ ಹೋದರೂ ಜನ್ಮ ಸಾಲದು. ಒಲ್ಲೆ ಅಂತಾನೆ."

"ಯಾಕಂತೆ?"

"ಅತ್ತಿಗೆ ಒಬ್ಬರೇ ಆಗ್ತಾರಂತೆ. ನಾಳೆ ಮಧ್ಯಾಹ್ನದ ಬಸ್ಸಿಗೆ ನಾನು ಹೊರಟೆ. ಇವನು ಬರದಿದ್ರೆ ಆ ಜಾಗ ಮೊಬೈಲ್ ರಿಪೇರಿಯವನಿಗೆ ಹೋಗುತ್ತೆ. ನೀನೇ ಏನಾದ್ರೂ ಮಾಡು ತಾಯಿ."

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಕಾಲು ಮುರಿದಿತ್ತು. ಅನ್ನ ಬೇಯಿಸಿ ಹಾಕಿದವನು, ಹೆಗಲು ಕೊಟ್ಟು ನಡೆಸಿದವನು ಇವನೇ. ಕಾಲು ಕೂಡಿಕೊಂಡು ಎಷ್ಟೋ ಕಾಲವಾಯಿತು, ಈಗ ಮೂಟೆ ಹೊರಬಲ್ಲೆ. ಆದರೂ ಇವನು ಊರು ದಾಟುವುದಿಲ್ಲ. ಒಳಗೆ ಚೊಂಬು ಬಿದ್ದ ಸದ್ದಾದರೆ ಸಾಕು, ಅರ ಎಸೆದು ಓಡಿಬರುತ್ತಾನೆ. ಮುರಿದದ್ದು ನನ್ನ ಕಾಲು, ಕುಂಟುತ್ತಿರುವವನು ಅವನು.

ಅದಕ್ಕೇ ಬೆಳಿಗ್ಗೆ ಎದ್ದವಳೇ ಅವನ ಬಟ್ಟೆಗಳನ್ನು ಚೀಲಕ್ಕೆ ತುಂಬಿಟ್ಟಿದ್ದೆ. ಈಗ ಅದನ್ನು ತಂದು ಅವನ ಮುಂದೆ ಕುಕ್ಕಿದೆ.

"ಒಗೆಯೋಕೆ ತೆಗೆದ್ರಾ? ಸೋಪು ಮುಗಿದಿದೆ, ತಂದುಕೊಡ್ತೀನಿ ಇರಿ."

"ಬೀಗದಕ್ಕ ಎಲ್ಲ ಹೇಳಿದಳು."

ಅವನ ಮುಖ ಸಪ್ಪಗಾಯಿತು. "ಊರಿಗೆಲ್ಲ ಬೀಗ ಹಾಕ್ತಾಳೆ, ತನ್ನ ಬಾಯಿಗೊಂದು ಇಲ್ಲ ಅವಳಿಗೆ."

"ಹೋಗೋ ಮುಠ್ಠಾಳ. ಮನೆ ಬಾಗಿಲಿಗೆ ಬಂದದ್ದನ್ನ ಕಾಲಲ್ಲಿ ಒದೀತಾರೇನೋ?"

"ನೀವು ಬಿದ್ದರೆ?"

"ಬಿದ್ದರೆ ಏಳ್ತೀನಿ. ಪಕ್ಕದ ಮನೆಯವಳಿಲ್ವಾ?"

"ಅವರಿಗೆ ಕಿವಿ ಕೇಳಲ್ಲ."

"ನನ್ನ ಗಂಟಲು ಕಿವುಡರಿಗೂ ಕೇಳುತ್ತೆ ಕಣೋ!"

"ಅದೇನೋ ನಿಜ." ನಕ್ಕ. ನೆಲದ ಮೇಲೆ ಕಾಲು ಚಾಚಿ ಕೂತು, ನೀಲಿ ಏರಿದ ಮೀಟುಗೋಲನ್ನು ಒರೆಸಿ, ಉಪ್ಪುಕಾಗದದಿಂದ ಅದರ ಅಂಚು ಉಜ್ಜತೊಡಗಿದ. ಅವನ ಪಾಲಿಗೆ ಮಾತು ಮುಗಿದಿತ್ತು.

ಕೂಗಾಡಿ ಇವನನ್ನು ಹೊರಡಿಸುವುದು ಆಗುವ ಮಾತಲ್ಲ. ನಾನು ಕೂಗುತ್ತಿರುವವರೆಗೂ ಮನೆ ಎಂದಿನಂತೆಯೇ ಇದೆ ಎಂದು ಅವನಿಗೆ ಧೈರ್ಯ. ಒಂದು ಲೋಟ ನೀರು ಕುಡಿದೆ. ಒಲೆ ಆರಿಸಿದೆ.

"ನೋಡಿ," ಎಂದೆ ಮೆಲ್ಲಗೆ. "ನೀವು ಇನ್ನು ಹೊರಡಿ."

ಉಪ್ಪುಕಾಗದ ನಿಂತಿತು.

ನಾನು ಬಂದ ದಿನದಿಂದ ಅವನು ನನ್ನ ಬಾಯಲ್ಲಿ ನೀನು, ಲೋ, ಕತ್ತೆ, ಕೋತಿ. ನೀವು ಎನ್ನುವುದು ಮೀಟರ್ ನೋಡಲು ಬಂದವರಿಗೆ, ವಿಳಾಸ ಕೇಳುವವರಿಗೆ.

"ಅತ್ತಿಗೆ, ಹಾಗನ್ನಬೇಡಿ."

"ಬಸ್ಸಿಗೆ ಹೊತ್ತಾಗುತ್ತೆ. ನಿಮ್ಮ ಸಾಮಾನು ತಗೊಳ್ಳಿ."

"ಬೇಕಾದ್ರೆ ಬೈಯಿರಿ. ಚೆನ್ನಾಗಿ ಬೈಯಿರಿ."

"ನಿಮ್ಮನ್ನ ನಾನ್ಯಾಕೆ ಬೈಲಿ?"

ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಆಮೇಲೆ ಅವನು ಎದ್ದು ಅರಗಳನ್ನು ಹಳೇ ಪಂಚೆಯಲ್ಲಿ ಸುತ್ತಿದ, ಡಬ್ಬಿ ಮುಚ್ಚಿದ, ಚೀಲ ಹೆಗಲಿಗೇರಿಸಿದ. ಒಂದೊಂದನ್ನೂ ಬೇಕೆಂದೇ ನಿಧಾನವಾಗಿ ಮಾಡಿದ. ಚಪ್ಪಲಿ ಮೆಟ್ಟಲು ಅಷ್ಟು ಹೊತ್ತು ತೆಗೆದುಕೊಂಡವನನ್ನು ನಾನು ಕಂಡಿಲ್ಲ.

"ಬಚ್ಚಲು ಒರೆಸಿದ್ದೀನಿ," ಎಂದ ಹೊಸ್ತಿಲಲ್ಲಿ ನಿಂತು. "ಒದ್ದೆ ಮಾಡಿಕೊಂಡು ಓಡಾಡಬೇಡಿ."

"ಆಗಲಿ."

"ಹೋಗಿ ಬರ್ತೀನಿ ಅತ್ತಿಗೆ."

"ಹೋಗಿ," ಎಂದೆ.

ಅವನು ಕದಲಲಿಲ್ಲ. ಯಾರೇ ಹೊರಟರೂ ಹೋಗಿ ಬಾ ಅನ್ನುತ್ತೇವೆ, ಇಲ್ಲವೇ ಹೋಗಿ ಬನ್ನಿ ಅನ್ನುತ್ತೇವೆ. ಬರೀ ಹೋಗಿ ಎಂದು ಯಾರನ್ನೂ ಕಳಿಸುವುದಿಲ್ಲ. ಅವನು ಎರಡನೇ ಮಾತಿಗೆ ಕಾಯುತ್ತಿದ್ದ. ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇವನು ನನ್ನ ಮಾತನ್ನು ನಂಬುವವನು. ಬಾ ಎಂದರೆ ನಿಜಕ್ಕೂ ಬಂದುಬಿಡುತ್ತಾನೆ, ಬೀದಿಯ ತಿರುವಿನಿಂದಲೇ ಬಂದುಬಿಡುತ್ತಾನೆ.

ಆ ಮಾತು ಆಡಲಿಲ್ಲ. ಅವನು ಮೆಟ್ಟಿಲಿಳಿದು ನಡೆದ. ಬಸ್ಸು ಹೊರಟ ಸದ್ದು ಕೇಳುವವರೆಗೂ ಬಾಗಿಲು ಹಾಕಲಿಲ್ಲ. ಅವನು ಬರಲಿಲ್ಲ.