ಎಡಗಡೆ ಯಾರು ನುಡಿಸುತ್ತಿದ್ದಾರೆ

ಮೆತ್ತಗಿದೆ, ತುಂಬಾ ಮೆತ್ತಗಿದೆ, ಯಾರೋ ಹಿಂದಿನಿಂದ ಬಂದು ಬೆಚ್ಚನೆಯ ಎರಡು ಅಂಗೈಗಳನ್ನು ಕಿವಿಯ ಮೇಲಿಟ್ಟ ಹಾಗೆ, ರಸ್ತೆಯ ಸದ್ದು ಹೋಯಿತು, ಫ್ಯಾನಿನ ಸದ್ದು ಹೋಯಿತು, ಅಂಗಡಿಯವನ ಬಾಯಿ ಮಾತ್ರ ಅಲ್ಲಾಡುತ್ತಿದೆ, ಅವನು ಬಗ್ಗಿ ಹೆಡ್‌ಫೋನಿನ ಒಂದು ಬಟ್ಟಲನ್ನು ಚೂರು ಎತ್ತಿ ಏನೋ ಹೇಳಿದ, ನಾನು ತಲೆಯಾಡಿಸಿದೆ — ಎತ್ತಿದ್ದು ಎಡಗಡೆಯದು, ಗೋಡೆಗೆ ಹೇಳಿದ್ದರೂ ಒಂದೇ. ಆ ಕಿವಿ ಸತ್ತು ವರ್ಷವಾಗುತ್ತ ಬಂತು ಎಂದು ಅವನಿಗೇನು ಗೊತ್ತು, ನನಗೇ ಗೊತ್ತಾಗಿರಲಿಲ್ಲ, ಅವತ್ತು ಬೆಳಗ್ಗೆ ಎದ್ದು ಆ ಕಿವಿಗೆ ಫೋನು ಹಿಡಿದರೆ ಸದ್ದಿಲ್ಲ, ಹಾಳಾದ್ದು ಕೆಟ್ಟುಹೋಯಿತು ಎಂದು ಫೋನನ್ನೇ ಬೈದೆ, ಕೆಟ್ಟದ್ದು ನಾನು. ನರಕ್ಕೇ ಪೆಟ್ಟಾಗಿದೆ, ವಾಪಸ್ ಬರೋದು ಕಷ್ಟ ಅಂದರು ಡಾಕ್ಟರು, ಅತ್ತೆ ಅಂದರು, ಹೋಗಲಿ ಬಿಡೇ, ಇನ್ಮೇಲೆ ನನ್ನ ಮಾತು ಈ ಕಿವೀಲಿ ಕೇಳಿ ಆ ಕಿವೀಲಿ ಬಿಡೋಕಾಗಲ್ಲ, ಒಳಗೇ ಉಳ್ಕೊಳತ್ತೆ, ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ, ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತವಳೂ ನಾನೇ.

ಹೆಡ್‌ಫೋನನ್ನು ಪೂರ್ತಿ ತೆಗೆದೆ, ಏನಂದ್ರಿ, ಅವನು ಬೇಸರವಿಲ್ಲದೆ ಮತ್ತೆ ಹೇಳುತ್ತಾನೆ, ಇದು ಮುಚ್ಚಿದ ಮಾದರಿ ಮೇಡಂ, ಹೊರಗಿಂದು ಒಳಗೆ ಬರಲ್ಲ, ಒಳಗಿಂದು ಹೊರಗೆ ಹೋಗಲ್ಲ, ದಪ್ಪ ಸ್ವರ ಎದೆಗೇ ಗುದ್ದತ್ತೆ. ಗುದ್ದಿತು ನಿಜ, ಚೆಲ್ಲೋ, ಆ ದಪ್ಪ ದನಿಯ ದೊಡ್ಡ ಪಿಟೀಲು, ಕಂಬಳಿ ಹೊದ್ದು ಕೂತಿತ್ತು, ಕೊಳಲು ಆ ಕಂಬಳಿಯೊಳಗಿಂದ ಕೆಮ್ಮುತ್ತಿತ್ತು, ಬೇಡ. ಮೂಲೆಯ ಸ್ಟೂಲಿನ ಮೇಲೆ ಇವರು ಪೇಪರ್ ಹಿಡಿದು ಕೂತಿದ್ದಾರೆ, ದಿನವಿಡೀ ಸ್ಕೂಲ್ ಬಸ್ ಓಡಿಸುವ ಮನುಷ್ಯ, ಸಂಗೀತವೆಂದರೆ ಇವರ ಪಾಲಿಗೆ ಇನ್ನೊಂದು ನಮೂನೆಯ ಹಾರ್ನು, ಆದರೂ ಹೊರಡಿಸಿದ್ದು ಇವರೇ, ಹಳೆಯ ಹೆಡ್‌ಫೋನಿನ ಪಟ್ಟಿ ಮುರಿದು ನಾನು ಟೇಪು ಸುತ್ತುತ್ತಿದ್ದಾಗ, ಹೊಸದು ತಗೊಳ್ಳೇ ಅಂದರು, ಬೋಳು ತಲೆಗೆ ಎರಡು ಬಾಚಣಿಗೆ ಯಾಕ್ರೀ ಅಂದಿದ್ದಕ್ಕೆ, ಇರೋ ಒಂದು ಕಿವಿಗಾದ್ರೂ ಒಳ್ಳೇದು ಕೊಡೇ ಅಂದರು. ಒಂದು ಕಿವಿಗೆ. ದಿನಪೂರ್ತಿ ಲ್ಯಾಬಿನಲ್ಲಿ ಕಟ್ಟುಹಲ್ಲು ಉಜ್ಜುವ ಯಂತ್ರದ ಕೀರಲು, ಮನೆಗೆ ಬಂದು ಕೈ ತೊಳೆದು ಕಣ್ಣು ಮುಚ್ಚಿ ಕೂತರೆ ನನ್ನ ಮೆಚ್ಚಿನ ರೆಕಾರ್ಡಿನ ಆ ನಾಲ್ವರು ಬರುತ್ತಿದ್ದರು, ಬಲಕ್ಕೆ ಕೊಳಲು, ನಡುವೆ ಚೆಲ್ಲೋ, ಅದರ ಬೆನ್ನಿಗೆ ಪಿಯಾನೋ, ಎಡಕ್ಕೆ ಬೆರಳಲ್ಲಿ ನುಡಿಸುವ ಪುಟ್ಟ ಡ್ರಮ್ಮು, ಕೋಣೆಯ ನಾಲ್ಕು ಕಡೆ ನಾಲ್ಕು ಜನ, ಈಗ ಮೂವರೇ, ಡ್ರಮ್ಮಿನವನು ಹೇಳದೆ ಕೇಳದೆ ಎದ್ದು ಹೋದ. ಎರಡು ಕಡೆಯದನ್ನೂ ಒಂದೇ ಕಿವಿಗೆ ಸುರಿಯುವ ಉಪಾಯ ಫೋನಿನಲ್ಲೇ ಇದೆ, ಮಾಡಿ ನೋಡಿದೆ, ನಾಲ್ವರೂ ಲಿಫ್ಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಹಾಗಿತ್ತು, ಯಾರಿಗೂ ಉಸಿರಾಡಲು ಜಾಗವಿಲ್ಲ.

ಎರಡನೆಯದು ಬೆಳ್ಳಿ ಬಣ್ಣದ್ದು, ಹಗುರ, ಒಳ್ಳೆಯ ಹಲ್ಲಿನ ಸೆಟ್ಟಿನ ಹಾಗೆ, ಹಾಕಿಕೊಂಡಿದ್ದೇ ಮರೆತುಹೋಗಬೇಕು, ಅಬ್ಬಾ, ಕೊಳಲಿನವನ ತುಟಿಯ ಒದ್ದೆಯೂ ಕೇಳುತ್ತದೆ, ಉಸಿರೆಳೆದದ್ದು, ಪಿಯಾನೋದವಳ ಕುರ್ಚಿ ಕಿರುಗುಟ್ಟಿದ್ದು, ಇಷ್ಟು ವರ್ಷ ಕೇಳಿದ್ದರಲ್ಲಿ ಕುರ್ಚಿ ಇತ್ತೆಂದೇ ಗೊತ್ತಿರಲಿಲ್ಲ, ಆದರೆ ಇದು ನನ್ನ ಲ್ಯಾಬಿನ ದೀಪದ ಬೆಳಕು, ಒಂದು ಗೀರನ್ನೂ ಬಿಡುವುದಿಲ್ಲ, ಬಲಗಡೆ ಇಷ್ಟೆಲ್ಲ ಬೆಳಕಾದ ಮೇಲೆ ಎಡಗಡೆಯ ಕತ್ತಲೆ ಇನ್ನೂ ದಪ್ಪವಾಗುತ್ತದೆ. ಎಡಗಡೆ ಡ್ರಮ್ ಗಮನಿಸಿ ಮೇಡಂ, ಬೆರಳು ಚರ್ಮಕ್ಕೆ ತಾಗೋದೂ ಗೊತ್ತಾಗತ್ತೆ ಅಂದ ಅಂಗಡಿಯವನು, ಹೌದು ಹೌದು, ಚೆನ್ನಾಗಿ ಗೊತ್ತಾಗ್ತಿದೆ ಅಂದೆ ನಾನು, ಯಾಕೆ ಅಂದೆ, ನಿಜ ಹೇಳಿದ ಕೂಡಲೆ ಜನರ ಮುಖ ಒಂದು ಥರ ಇಳಿಯುತ್ತದಲ್ಲ, ದನಿ ಮೆತ್ತಗಾಗುತ್ತದಲ್ಲ, ಅದು ಬೇಡ ಎಂದು ಅಂದೆ, ಪೇಪರು ಕೆಳಗಿಳಿಯಿತು, ಇವರು ನನ್ನನ್ನು ನೋಡಿದರು.

ಮೂರನೆಯದಕ್ಕೆ ಬೆನ್ನೇ ಇಲ್ಲ, ಬಟ್ಟಲಿನ ಹೊರಮೈ ಪೂರ್ತಿ ಜಾಲರಿ, ಇದು ತೆರೆದ ಮಾದರಿ ಮೇಡಂ, ಸದ್ದು ಹೊರಗೆ ಸೋರತ್ತೆ, ಪಕ್ಕದಲ್ಲಿ ಕೂತೋರಿಗೂ ಕೇಳ್ಸತ್ತೆ, ಮನೇಲಿ ಬೈಸ್ಕೋಬೇಕಾಗತ್ತೆ, ಮೊದಲೇ ಹೇಳ್ಬಿಟ್ಟಿದೀನಿ. ಹಾಕಿಕೊಂಡೆ, ಯಾರೋ ಕಿಟಕಿ ತೆಗೆದರು, ಚೆಲ್ಲೋ ಕಂಬಳಿ ಕಿತ್ತೊಗೆದು ಎದ್ದು ಕೂತಿತು, ಕೊಳಲಿಗೆ ಆಚೆ ಹೋಗಿ ಬರಲು ಅಂಗಳ ಸಿಕ್ಕಿತು, ಇದೇ, ಇದೇ, ಕಣ್ಣು ಮುಚ್ಚಿದೆ, ಕೊಳಲು ಒಂದು ಕಡೆ ಸ್ವರ ಹಿಡಿದು ಕಾಯುತ್ತದೆ, ಅಲ್ಲಿ ಡ್ರಮ್ಮು ಬರಬೇಕು, ಬರುವುದಿಲ್ಲ, ಗೊತ್ತು, ಆದರೂ ಕಾಯುತ್ತೇನೆ — ಎಡ ಭುಜದ ಮೇಲೆ ಏನೋ ಬಿತ್ತು, ಬೆಚ್ಚಿದೆ. ಬೆರಳು. ಕಣ್ಣು ಬಿಟ್ಟರೆ ಇವರು, ನನ್ನ ಎಡಗಡೆ, ಆ ಕಡೆ ಈಗ ಯಾರೂ ಬರುವುದಿಲ್ಲ, ಬಂದರೆ ಉಪಯೋಗವಿಲ್ಲವಲ್ಲ, ಇವರು ಬಗ್ಗಿ ಜಾಲರಿಗೆ ಕಿವಿ ತಾಗಿಸಿಕೊಂಡು, ಹುಬ್ಬು ಗಂಟಿಕ್ಕಿಕೊಂಡು, ಗೇರು ಬೀಳದ ಬಸ್ಸಿನ ಎಂಜಿನ್ ಕೇಳುವ ಹಾಗೆ ಕೇಳುತ್ತಿದ್ದಾರೆ, ತೋರುಬೆರಳು ನನ್ನ ಭುಜದ ಮೇಲೆ ತಟ್ಟುತ್ತಿದೆ. ಬಲಗಡೆಯ ಬಟ್ಟಲು ಸರಿಸಿ, ಏನ್ರೀ ಇದು ಅಂದೆ, ಸುಮ್ನಿರೇ, ಈ ಕಡೆ ಯಾರೋ ಬಾಗಿಲು ತಟ್ತಾ ಇದಾನೆ, ಇವನೇನಾ ನಿನ್ನ ಡ್ರಮ್ಮಿನೋನು, ಒಂದೇ ಸಮ ತಟ್ತಾನಲ್ಲೇ, ಒಳಗೆ ಕರ್ಯೋರಿಲ್ವಾ ಪಾಪ. ನಗು ಬಂತು, ಕಣ್ಣಲ್ಲೂ ಏನೋ ಬಂತು, ಅಂಗಡಿಯವನು ಕಣ್ಣು ಪಿಳಿಪಿಳಿ ಬಿಡುತ್ತಿದ್ದಾನೆ, ನನಗೆ ಎಡಗಿವಿ ಕೇಳಲ್ಲಪ್ಪಾ, ಅಂದೇಬಿಟ್ಟೆ, ಅವನ ಮುಖ ಇಳಿಯಲಿಲ್ಲ, ಹಣೆ ಚಚ್ಚಿಕೊಂಡ, ಅಯ್ಯೋ ಮೊದಲೇ ಹೇಳ್ಬಾರ್ದಾ ಮೇಡಂ, ಅಷ್ಟೊತ್ತಿಂದ ಆ ಕಿವೀಲೇ ಕೊರೀತಿದೀನಲ್ಲ. ಇದನ್ನೇ ಕೊಡಿ ಅಂದೆ, ಸೋರತ್ತೆ ಮೇಡಂ ಅಂದ, ಸೋರಲಿ ಅಂದರು ಇವರು, ಬಿಲ್ ಮಾಡೋಕೆ ಮುಂಚೆ ಇನ್ನೊಂದ್ಸಲ ಹಾಕಿ.

ಮತ್ತೆ ಮೊದಲಿನಿಂದ, ಪಿಯಾನೋ, ಅದರ ಮುಂದೆ ಚೆಲ್ಲೋ, ಬಲಕ್ಕೆ ಕೊಳಲು, ಇವರಿಗೆ ತಾಳ ಬರುವುದಿಲ್ಲ, ಜನ್ಮದಲ್ಲಿ ಬಂದಿಲ್ಲ, ಒಂದು ಪೆಟ್ಟು ತಡ, ಒಂದು ಬಿಟ್ಟೇ ಹೋಯಿತು, ಮುಂದಿನದು ಗಾಬರಿಯಲ್ಲಿ ಮೊದಲೇ ಬಿತ್ತು, ಪರವಾಗಿಲ್ಲ, ಪರವಾಗಿಲ್ಲ, ಕೊಳಲು ಈಗ ಆ ಸ್ವರ ಹಿಡಿಯಿತು, ನಿಂತಿತು, ಕಾಯುತ್ತಿದೆ, ಭುಜದ ಮೇಲಿಂದ ಬೆರಳು ಎದ್ದಿತು, ಇನ್ನೂ ಬಿದ್ದಿಲ್ಲ, ಬೀಳುತ್ತದೆ, ಬೆರಳು, ಇವರ ಬೆರಳು —