ನಡುವಿನ ಸ್ಪೀಕರ್

ತೆರೆಸಿಂಗಳ ಎಡಗಿವಿ ಪೂರ್ತಿ ಹೋಗಿ, ಬಲಗಿವಿ ಅರ್ಧ ಉಳಿದು ಮೂರು ವರ್ಷವಾಗಿತ್ತು. ಟಿವಿಯಲ್ಲಿ ಹಾಡು, ಮಳೆ, ಕಾರು ಎಲ್ಲ ಕೇಳುತ್ತಿತ್ತು. ಮನುಷ್ಯರ ಮಾತು ಮಾತ್ರ ಅದರೊಳಗೆ ಕಲಸಿಹೋಗುತ್ತಿತ್ತು. ಮಧ್ಯಾಹ್ನದ ಧಾರಾವಾಹಿ ಶುರುವಾದರೆ ನಿಮಿಷಕ್ಕೊಮ್ಮೆ "ಏನಂದಳು?" ಎಂದು ಗಂಡ ಕ್ರಿಸ್ಪುಲೊನನ್ನು ಕೇಳುವಳು. ಹೋದ ವಾರ ಅವನು ರೇಗಿಬಿಟ್ಟ. ಅವಳು ಟಿವಿ ಆರಿಸಿ ಎದ್ದುಹೋದವಳು ಮತ್ತೆ ಹಾಕಿರಲಿಲ್ಲ.

ಟಿವಿಯ ಸದ್ದನ್ನು ಹಲವು ಸ್ಪೀಕರುಗಳಿಗೆ ಹಂಚುವ ಸರೌಂಡ್ ರಿಸೀವರ್ ಇದ್ದರೆ ಮಾತೆಲ್ಲ ನಡುವಿನ ಸ್ಪೀಕರಿಗೆ ಬರುತ್ತದೆ, ಅದೊಂದನ್ನೇ ಏರಿಸಬಹುದು ಎಂದು ಹಡಗಿನಲ್ಲಿ ಅವನ ಜೊತೆಗೆ ದುಡಿದಿದ್ದ ಎಲೆಕ್ಟ್ರಿಷಿಯನ್ ಹೇಳಿದ್ದ. ಅದಕ್ಕೇ ಕ್ರಿಸ್ಪುಲೊ ಹೆಂಡತಿಯನ್ನು ಹೊರಡಿಸಿಕೊಂಡು ಇಲೊಯಿಲೊ ಪೇಟೆಗೆ ಬಂದಿದ್ದ. ಜಪಾನಿನ ಹಳೇ ಸಾಮಾನು ಮಾರುವ ಅಂಗಡಿಗಳಲ್ಲಿ ಇದು ಮೂರನೆಯದು. ಮೊದಲಿನೆರಡರಲ್ಲೂ ಮೈಕು ಕೈಗಿಟ್ಟು "ಹಾಡಿ ನೋಡಿ" ಎಂದಿದ್ದರು. ಇಲ್ಲಿನ ಅಂಗಡಿಯವನು ಡಿಂಡೊ ಟಿವಿಯಲ್ಲಿ ಸಿನಿಮಾದ ಹೆಲಿಕಾಪ್ಟರ್ ಹಾರಿಸಿದ. ಗಾಜಿನ ಕಪಾಟು ನಡುಗಿತು.

"ಹೇಗಿದೆ ಮನೋಂಗ್? ಎದೆಗೇ ಗುದ್ದುತ್ತಲ್ವಾ?" ಎಂದ, ಹಿರಿಯಣ್ಣನನ್ನು ಕರೆಯುವ ಹಾಗೆ.

"ನನ್ನ ಎದೆಗ್ಯಾಕೆ ಗುದ್ದಬೇಕು? ಮಾತು ಕೇಳಿಸು," ಎಂದ ಕ್ರಿಸ್ಪುಲೊ.

ಡಿಂಡೊ ಗುಂಡಿ ತಿರುಗಿಸಿದ. ಹೆಲಿಕಾಪ್ಟರೂ ಜೋರಾಯಿತು.

"ಎಲ್ಲಾ ಜೋರು ಮಾಡೋಕೆ ನಮ್ಮನೆ ಟಿವಿಗೇ ಬರುತ್ತೆ ಕಣೋ. ನಡುವಿನ ಸ್ಪೀಕರ್ ಎಲ್ಲಿ?"

"ಅದನ್ನ ಯಾರೂ ಕೇಳಲ್ಲ ಮನೋಂಗ್. ಎಲ್ಲರೂ ಹಾಡೋಕೆ ತಾನೇ ಒಯ್ಯೋದು. ಎರಡು ದೊಡ್ಡ ಸ್ಪೀಕರ್ ಡಬ್ಬ ಸಾಕು."

ಮೂಲೆಯಲ್ಲಿ ಫ್ಯಾನು ಉದ್ದನೆಯ ಕರಿ ಪೆಟ್ಟಿಗೆಯೊಂದರ ಮೇಲೆ ಕೂತಿತ್ತು. ಕ್ರಿಸ್ಪುಲೊ ಫ್ಯಾನನ್ನು ನೆಲಕ್ಕಿಳಿಸಿ ಪೆಟ್ಟಿಗೆ ಎತ್ತಿಕೊಂಡ.

"ಮತ್ತೆ ಇದೇನು, ಫ್ಯಾನಿಗೆ ಮಣೆಯಾ?"

ಡಿಂಡೊ ಅದರ ಧೂಳು ಒರೆಸಿಕೊಟ್ಟ.

ದೊಡ್ಡ ರಿಸೀವರಿಗೆ ಆ ನಡುವಿನ ಸ್ಪೀಕರನ್ನು ಜೋಡಿಸಿದರೆ ಉಸಿರೇ ಇಲ್ಲ; ನಡುವಿನ ತಂತಿಯ ಜಾಗವೇ ಸತ್ತಿತ್ತು. ಎರಡನೆಯದರಲ್ಲಿ ಮಾತು ಬಂತು, ಆದರೆ ಏರಿಸಲು ರಿಮೋಟ್ ಬೇಕು, ರಿಮೋಟ್ ಜಪಾನಿನಲ್ಲೇ ಉಳಿದಿತ್ತು. ಕ್ರಿಸ್ಪುಲೊನ ಕಿವಿ ಕೆಂಪಾಯಿತು.

"ಬಾ ಹೋಗೋಣ," ಎಂದಳು ತೆರೆಸಿಂಗ್. "ನನಗೇನೂ ಬೇಡ."

"ಕೂತ್ಕೋ. ಏಯ್ ಡಿಂಡೊ, ಕೆಳಗಿರೋ ರಿಸೀವರ್ ತೆಗಿ."

"ಗೀರು ಬಿದ್ದಿದೆ, ಚಿಕ್ಕದು ಬೇರೆ. ಪಕ್ಕದ ಮನೆಗೂ ಕೇಳಲ್ಲ."

"ಪಕ್ಕದ ಮನೆಯವಳನ್ನ ನಾನು ಕಟ್ಟಿಕೊಂಡಿಲ್ಲ."

ಆ ಹೆಲಿಕಾಪ್ಟರನ್ನು ಮತ್ತೆ ಹಾಕಿದರೆ ಎತ್ತಿ ಒಗೆಯುತ್ತೇನೆಂದು ಹೇಳಿ, ಕ್ರಿಸ್ಪುಲೊ ಅಂಗಡಿಯ ಟಿವಿಯ ತಂತಿಯನ್ನೂ ನಡುವಿನ ಸ್ಪೀಕರನ್ನೂ ಆ ಚಿಕ್ಕ ರಿಸೀವರಿಗೆ ಸಿಕ್ಕಿಸಿದ. ಮಧ್ಯಾಹ್ನದ ಧಾರಾವಾಹಿ ಬರುತ್ತಿತ್ತು. ನಡುವಿನದನ್ನು ಏರಿಸುವ ಗುಂಡಿ ರಿಸೀವರಿನ ಮುಖದ ಮೇಲೆಯೇ ಇತ್ತು. ಒಂದೊಂದೇ ಹಂತ ಏರಿಸಿದ. ಸಂಗೀತ ಹಿಂದೆ ಸರಿಯಿತು. ಸೊಸೆಯೊಬ್ಬಳು ಅತ್ತೆಗೆ ಮೆಲ್ಲಗೆ ಏನೋ ಹೇಳುತ್ತಿದ್ದಳು.

ತೆರೆಸಿಂಗ್ ಸ್ಟೂಲನ್ನು ಮುಂದಕ್ಕೆಳೆದುಕೊಂಡಳು.

"ಅವಳು ಏನಂದಳು ಅಂದ್ರೆ—" ರೂಢಿಯಂತೆ ಕ್ರಿಸ್ಪುಲೊ ಶುರುಮಾಡಿದ.

"ಸುಮ್ನಿರು. ಅವಳು ಮಾತಾಡ್ತಿದ್ದಾಳೆ."

ಡಿಂಡೊ ರಿಸೀವರ್ ಕಟ್ಟಿಕೊಡಲೆಂದು ಹಗ್ಗ ಹಿಡಿದು ಬಂದ.

"ಈಗಲೇ ಬಿಚ್ಚಬೇಡ," ಎಂದ ಕ್ರಿಸ್ಪುಲೊ, ದನಿ ತಗ್ಗಿಸಿ. "ಇವತ್ತಿನ ಕಂತು ಮುಗೀಲಿ."